ಹನ್ನೊಂದಕ್ಕೂ ಒಂದೇ ಚಂದ್ರ

ನನಗೆ ಐವಿಎಫ್ ನಡೆಯುತ್ತಿತ್ತು, ಅಂದರೆ ಅಂಡವನ್ನು ಹೊರಗೆ ತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ. ಅಂಡ ಹಣ್ಣಾಗಿಸುವ ಟ್ರಿಗರ್ ಇಂಜೆಕ್ಷನ್ ರಾತ್ರಿ 10.45ಕ್ಕೆ ಅಂತ ಸಿಸ್ಟರ್ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಕೆಳಗೆ ಎರಡು ಗೆರೆ ಎಳೆದಿದ್ದರು. "ಹತ್ತು ಮುಕ್ಕಾಲು ಅಂದ್ರೆ ಹತ್ತು ಮುಕ್ಕಾಲು ಮೇಡಂ. ಹನ್ನೊಂದು ಅಲ್ಲ" ಅಂತ ಬಾಯಲ್ಲೂ ಹೇಳಿದರು. ನಾನು ಒಂಬತ್ತೂವರೆಯಿಂದಲೇ ಫ್ರಿಜ್ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದೆ. ಇವರು ಮೊಬೈಲಿನಲ್ಲಿ ಮೂರು ಅಲಾರಂ ಇಟ್ಟುಕೊಂಡು ಕೂತಿದ್ದರು. ಅಷ್ಟರಲ್ಲಿ ಅಕ್ಕನ ಫೋನು.

"ಹೊರಗೆ ಚಂದ್ರ ನೋಡಿದ್ಯೇನೇ?"

"ಇಲ್ಲ ಕಣೇ, ಈಗ ಇಂಜೆಕ್ಷನ್ ಟೈಮು."

"ನೋಡು ಒಂದ್ಸಲ. ಇನ್ನು ಮೂರು ದಿನಕ್ಕೆ ಹುಣ್ಣಿಮೆ. ಬೆಳೆಯೋ ಚಂದ್ರ. ನಿಂಗೆ ಸರಿಯಾದ ಟೈಮಿಗೇ ಬಂದಿದೆ."

ಬೆಳೆಯುವ ಚಂದ್ರ, ಹುಣ್ಣಿಮೆ ಇದ್ದರೆ ಗರ್ಭ ನಿಲ್ಲುತ್ತದೆ ಅನ್ನುವಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೂ ಕಿಟಕಿ ಹತ್ತಿರ ಹೋದೆ. ಹೊಟ್ಟೆ ಊದಿಕೊಂಡಿತ್ತು, ಹತ್ತು ದಿನದ ಇಂಜೆಕ್ಷನ್ನುಗಳಿಂದ ಹೊಕ್ಕುಳ ಸುತ್ತ ಹಸಿರು ನೀಲಿ ಚುಕ್ಕೆಗಳು. ಕಿಟಕಿ ಸರಳು ಹಿಡಿದುಕೊಂಡು ನೋಡಿದೆ. ಒಂದು ಬದಿ ಸ್ವಲ್ಪ ತೂಕ ಕಮ್ಮಿಯಾದ ಹಾಗೆ ಇದ್ದ ಚಂದ್ರ. ಸುಳ್ಳು ಯಾಕೆ ಹೇಳಲಿ, ಒಳ್ಳೇದೆನಿಸಿತು.

ಆ ಒಳ್ಳೇದೆನಿಸಿದ್ದು ಯಾಕೆ ಅಂತ ಆಮೇಲೆ ತುಂಬಾ ದಿನ ಯೋಚಿಸಿದ್ದೇನೆ. ಐವಿಎಫ್ ಮಾಡಿಸಿಕೊಂಡವರಿಗೆ ಗೊತ್ತಿರುತ್ತದೆ, ಅದರಲ್ಲಿ ಪ್ರತಿಯೊಂದೂ ನಿಮ್ಮ ದೇಹದ ಮೇಲೆ ಬರೆದ ಮಾರ್ಕ್ಸ್ ಕಾರ್ಡ್. ಎಎಂಎಚ್ (ಅಂಡ ಎಷ್ಟು ಉಳಿದಿವೆ ಅಂತ ಸೂಚಿಸುವ ಹಾರ್ಮೋನು) ಎಷ್ಟು, ಫಾಲಿಕಲ್ (ಅಂಡ ಬೆಳೆಯುವ ಗುಳ್ಳೆ) ಎಷ್ಟು, ಲೈನಿಂಗ್ (ಗರ್ಭಕೋಶದ ಒಳಪದರ) ಎಷ್ಟು ಮಿಲಿಮೀಟರ್, ವಯಸ್ಸು ಎಷ್ಟು. ಚಂದ್ರ ಒಬ್ಬನೇ ನನ್ನ ದೇಹಕ್ಕೆ ಸಂಬಂಧ ಇಲ್ಲದವನು. ಅವನು ಕೈ ಹಿಡಿದರೆ ಪುಣ್ಯ. ಕೈ ಕೊಟ್ಟರೆ ಅದು ನನ್ನ ತಪ್ಪಲ್ಲ.

ಮೊದಲ ಸಲ ಕೈ ಕೊಟ್ಟ. ಆಗಿದ್ದು ಹೀಗೆ. ಟ್ರಿಗರ್ ಹುಣ್ಣಿಮೆಗೆ ಮೂರು ದಿನ ಮುಂಚೆ. ಎಗ್ ಪಿಕಪ್ (ಅಂಡ ಹೊರಗೆ ತೆಗೆಯುವುದು) 36 ಗಂಟೆ ಆದ ಮೇಲೆ, ಅಂದರೆ ಇನ್ನೂ ಬೆಳೆಯುವ ಚಂದ್ರನೇ. ಭ್ರೂಣ ಲ್ಯಾಬಿನಲ್ಲಿ ಐದು ದಿನ ಬೆಳೆಯಿತು. ಅಷ್ಟರಲ್ಲಿ ಹುಣ್ಣಿಮೆ ಕಳೆದು ಹೋಗಿತ್ತು. ಅದನ್ನು ಗರ್ಭಕೋಶಕ್ಕೆ ಬಿಡುವ ಟ್ರಾನ್ಸ್‌ಫರ್ ಆದ ದಿನ ಚಂದ್ರ ಕರಗಲು ಶುರುವಾಗಿ ಮೂರು ದಿನ. ಗರ್ಭ ನಿಂತಿದೆಯಾ ಅಂತ ನೋಡುವ ಬೀಟಾ ರಕ್ತ ಪರೀಕ್ಷೆ ಅದಾಗಿ ಹನ್ನೊಂದನೇ ದಿನ. ಕ್ಯಾಲೆಂಡರ್ ನೋಡಿದರೆ ಅಮಾವಾಸ್ಯೆ. ರಿಪೋರ್ಟು ನೆಗೆಟಿವ್.

ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಟ್ರಾನ್ಸ್‌ಫರ್ ಹುಣ್ಣಿಮೆ ಆದ ಮೇಲೆ ಆಯ್ತಲ್ವಾ, ಅದಕ್ಕೇ ಇರಬೇಕು" ಅಂದಳು. ಪಾಪ, ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಆದರೆ ಆ ಮಾತಿನಿಂದಲೇ ನನಗೆ ಮೊದಲ ಪ್ರಶ್ನೆ ಹುಟ್ಟಿತು. ಹಾಗಾದರೆ ಲೆಕ್ಕಕ್ಕೆ ತಗೋಬೇಕಾದದ್ದು ಯಾವ ಚಂದ್ರ? ಟ್ರಿಗರ್ ರಾತ್ರಿಯದಾ? ವೀರ್ಯ ಮತ್ತು ಅಂಡ ಒಂದಾದ ಮಧ್ಯಾಹ್ನದ್ದಾ? ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟ ದಿನದ್ದಾ? ಅದು ಒಳಗೋಡೆಗೆ ಅಂಟಿಕೊಳ್ಳುವುದು ಬಿಟ್ಟ ಒಂದೆರಡು ದಿನದಲ್ಲಿ, ಅದು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗಬಹುದು. ಆವತ್ತು ಹೊರಗೆ ತೆಗೆದ ಅಂಡ ತನ್ನ ಕೊನೆಯ ಹಂತದ ಬೆಳವಣಿಗೆ ಶುರು ಮಾಡಿದ್ದೇ ಸುಮಾರು ಮೂರು ತಿಂಗಳ ಹಿಂದೆ. ಆ ಅಂಡ ಹುಟ್ಟಿದ್ದಾದರೂ ಯಾವಾಗ? ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ. ಹೆಣ್ಣಿನ ಅಂಡಗಳೆಲ್ಲ ಅವಳು ಹುಟ್ಟುವ ಮುಂಚೆಯೇ ತಯಾರಾಗಿ, ಕ್ರೋಮೋಸೋಮುಗಳನ್ನು ಹಂಚಿಕೊಳ್ಳುವ ಕೆಲಸ ಅರ್ಧಕ್ಕೆ ನಿಲ್ಲಿಸಿ ಕೂತಿರುತ್ತವೆ. ನನಗೆ ಆಗ 34. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ. ಲೆಕ್ಕ ಹಾಕಿದರೆ ಆ ಅಂಡಗಳು ನಾನೂರಕ್ಕೂ ಜಾಸ್ತಿ ಹುಣ್ಣಿಮೆ ಸುಮ್ನೆ ಕಾದಿದ್ದವು. ಅಷ್ಟನ್ನೂ ಬಿಟ್ಟು ಕೊನೆಯ ಒಂದನ್ನು ಮಾತ್ರ ಎಣಿಸುವುದು ಯಾವ ನ್ಯಾಯ?

ಚಂದ್ರನ ಪರವಾಗಿಯೂ ಒಂದಿಷ್ಟು ಹೇಳಲೇಬೇಕು. ಇದು ತಲೆಬುಡ ಇಲ್ಲದ ಕಲ್ಪನೆ ಅಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವರ್ಷಕ್ಕೊಮ್ಮೆ, ಹುಣ್ಣಿಮೆ ಆದ ಕೆಲವು ರಾತ್ರಿಗಳಲ್ಲಿ, ಹವಳದ ಜೀವಿಗಳು ಒಟ್ಟೊಟ್ಟಿಗೆ ಅಂಡ ಮತ್ತು ವೀರ್ಯವನ್ನು ನೀರಿಗೆ ಬಿಡುತ್ತವೆ. ಸಮೋವಾ ಕಡೆಯ ಪಲೋಲೋ ಹುಳು ಚಂದ್ರನ ಕೊನೆಯ ಕಾಲುಭಾಗಕ್ಕೆ ಕಾದು ಮೇಲೆ ಬರುತ್ತದೆ. ಅವುಗಳಿಗೆ ಚಂದ್ರ ಬೇಕೇ ಬೇಕು. ಕಾಲಿಲ್ಲದೆ ಒಂದೇ ಕಡೆ ಕೂತ ಹವಳಕ್ಕೆ ಪಕ್ಕದವರ ಜೊತೆ ಹೊತ್ತು ಹೊಂದಿಸಿಕೊಳ್ಳಲು ಬೇರೆ ಗಡಿಯಾರ ಎಲ್ಲಿದೆ?

ಮನುಷ್ಯರ ವಿಷಯದಲ್ಲಿ ಎಲ್ಲರೂ ಹಿಡಿದುಕೊಳ್ಳುವ ಎಳೆ ಒಂದೇ. ಮುಟ್ಟಿನ ಚಕ್ರವೂ ತಿಂಗಳು, ಚಂದ್ರನ ಚಕ್ರವೂ ತಿಂಗಳು. ಡಾರ್ವಿನ್ ಕೂಡ 1871ರಲ್ಲಿ ನಮ್ಮ ದೇಹದ ಇಂಥ ಲಯಗಳನ್ನು ಸಮುದ್ರದ ಉಬ್ಬರವಿಳಿತದಲ್ಲಿ ಬದುಕಿದ್ದ ಹಳೆಯ ಪೂರ್ವಜರಿಗೆ ಜೋಡಿಸಲು ನೋಡಿದ್ದ. ಆರು ಲಕ್ಷಕ್ಕೂ ಹೆಚ್ಚು ಮುಟ್ಟಿನ ಚಕ್ರಗಳನ್ನು ಆ್ಯಪ್‌ನಿಂದ ತೆಗೆದು ನೋಡಿದ 2019ರ ಒಂದು ಅಧ್ಯಯನದಲ್ಲಿ ಸರಾಸರಿ 29.3 ದಿನ ಬಂತು. ಚಂದ್ರನ 29.5ಕ್ಕೆ ಎಷ್ಟು ಹತ್ತಿರ! ಆದರೆ ಸರಾಸರಿ ಅನ್ನುವುದು ಯಾರ ಮೈಯಲ್ಲೂ ಇರುವುದಿಲ್ಲ. ಒಬ್ಬಳಿಗೆ 25, ಇನ್ನೊಬ್ಬಳಿಗೆ 34. ನಮ್ಮ ಹತ್ತಿರದ ನೆಂಟ ಚಿಂಪಾಂಜಿಗೆ ಸುಮಾರು 36 ದಿನ. ಹಸುವಿಗೆ 21. ಇಲಿಗೆ ನಾಲ್ಕೈದು. ಎಲ್ಲರ ಮೇಲೂ ಇರುವುದು ಅದೇ ಚಂದ್ರ.

ಇನ್ನೊಂದು ತಮಾಷೆ ಇದೆ. 28 ದಿನದ ಚಕ್ರದವಳು ಚಂದ್ರನಿಗಿಂತ ತಿಂಗಳಿಗೆ ಒಂದೂವರೆ ದಿನ ಮುಂದೆ ಓಡುತ್ತಾಳೆ. ಹತ್ತೊಂಬತ್ತು ಇಪ್ಪತ್ತು ತಿಂಗಳಲ್ಲಿ ಚಂದ್ರನ ಎಲ್ಲ ಕಲೆಗಳನ್ನೂ ಒಂದು ಸುತ್ತು ಹಾಕಿ ಬರುತ್ತಾಳೆ. ಆ ದಾರಿಯಲ್ಲಿ ಮೂರು ನಾಲ್ಕು ತಿಂಗಳು ಅವಳ ಮುಟ್ಟು ಹುಣ್ಣಿಮೆ ಆಸುಪಾಸಿನಲ್ಲೇ ಬೀಳುತ್ತದೆ. ಆ ಮೂರು ನಾಲ್ಕು ತಿಂಗಳು ಅವಳು "ನಂದು ಚಂದ್ರನ ಜೊತೆಗೇ ಬರುತ್ತೆ" ಅಂತ ಹೇಳಿದರೆ ಅದು ಸುಳ್ಳಲ್ಲ. ಉಳಿದ ತಿಂಗಳು ಅವಳು ಅದರ ಬಗ್ಗೆ ಮಾತಾಡುವುದಿಲ್ಲ ಅಷ್ಟೇ.

ಹಾಗಂತ ವಿಜ್ಞಾನ ಬಾಗಿಲು ಮುಚ್ಚಿಬಿಟ್ಟಿದೆ ಅಂತಲೂ ಅಲ್ಲ. 2021ರಲ್ಲಿ ಜರ್ಮನಿಯ ಸಂಶೋಧಕರು 22 ಮಹಿಳೆಯರು ವರ್ಷಾನುಗಟ್ಟಲೆ ಬರೆದಿಟ್ಟ ಮುಟ್ಟಿನ ದಿನಚರಿಗಳನ್ನು ನೋಡಿ, ಕೆಲವರಲ್ಲಿ ಆಗಾಗ, ಸ್ವಲ್ಪ ಕಾಲ, ಚಂದ್ರನ ಲಯಕ್ಕೆ ಹೊಂದಿಕೆ ಕಾಣುತ್ತದೆ ಎಂದರು. ವಯಸ್ಸಾದಂತೆ, ರಾತ್ರಿ ದೀಪಗಳ ಬೆಳಕು ಜಾಸ್ತಿಯಾದಂತೆ ಅದು ಕಳೆದುಹೋಗುತ್ತದಂತೆ. ಇದು ನನಗೆ ಇಷ್ಟವಾಯಿತು. ಹುಣ್ಣಿಮೆಯ ಬೆಳದಿಂಗಳು ಅಬ್ಬಬ್ಬಾ ಅಂದರೆ ಕಾಲು ಲಕ್ಸ್ (ಬೆಳಕಿನ ಅಳತೆ) ಇರಬಹುದು. ನಮ್ಮ ಹಾಲಿನ ಟ್ಯೂಬ್‌ಲೈಟ್ ಅದರ ನೂರಾರು ಪಟ್ಟು. ಚಂದ್ರ ಏನಾದರೂ ಹೇಳುತ್ತಿದ್ದರೂ ನಾವೇ ದೀಪ ಹಾಕಿಕೊಂಡು ಕೂತಿದ್ದೇವೆ.

ಗುರುತ್ವದ ವಾದ ನನಗೆ ಹಿಡಿಸುವುದಿಲ್ಲ. "ಸಮುದ್ರವನ್ನೇ ಎಳೆಯುವ ಚಂದ್ರ ನಮ್ಮ ಮೈಯ ನೀರನ್ನು ಎಳೆಯಲ್ವಾ" ಅನ್ನುತ್ತಾರೆ. ಸಮುದ್ರ ಸಾವಿರಾರು ಕಿಲೋಮೀಟರ್ ಹರಡಿಕೊಂಡಿದೆ, ಉಬ್ಬರ ಬರುವುದು ಅದಕ್ಕೇ. ಗರ್ಭಕೋಶ ಒಂದು ಪೇರಲೆ ಹಣ್ಣಿನಷ್ಟು. ಅದೂ ಅಲ್ಲದೆ, ದೊಡ್ಡ ಉಬ್ಬರ ಹುಣ್ಣಿಮೆಗೂ ಬರುತ್ತದೆ, ಅಮಾವಾಸ್ಯೆಗೂ ಬರುತ್ತದೆ. ಎಳೆತವೇ ಕಾರಣವಾದರೆ ಹುಣ್ಣಿಮೆ ಒಳ್ಳೇದು, ಅಮಾವಾಸ್ಯೆ ಕೆಟ್ಟದ್ದು ಅನ್ನುವ ಮಾತೇ ನಿಲ್ಲುವುದಿಲ್ಲ.

ಚಂದ್ರವಾದಿಗಳಲ್ಲೂ ಒಮ್ಮತ ಇಲ್ಲ. 1950ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ಯುಜೆನ್ ಯೋನಾಸ್ ಎಂಬ ಮನೋವೈದ್ಯರು ಬೇರೆಯೇ ಲೆಕ್ಕ ಕೊಟ್ಟರು. ಹೆಣ್ಣು ಹುಟ್ಟಿದಾಗ ಸೂರ್ಯ ಮತ್ತು ಚಂದ್ರನ ನಡುವೆ ಎಷ್ಟು ಕೋನ ಇತ್ತೋ, ಪ್ರತಿ ತಿಂಗಳು ಅದೇ ಕೋನ ಬಂದಾಗ ಅವಳಿಗೆ ಗರ್ಭ ನಿಲ್ಲುತ್ತದೆ ಅಂತ. ಅವರ ಪ್ರಕಾರ ನನಗೂ ಅಕ್ಕನಿಗೂ ಬೇರೆ ಬೇರೆ ದಿನ. ವೈದ್ಯಲೋಕ ಅದನ್ನು ಒಪ್ಪಲಿಲ್ಲ, ಆದರೆ ಆ ಕ್ಯಾಲೆಂಡರುಗಳು ಇವತ್ತಿಗೂ ಓಡಾಡುತ್ತಿವೆ. 1960ರ ದಶಕದಲ್ಲಿ ಎಡ್ಮಂಡ್ ಡೆವಾನ್ ಎಂಬ ಭೌತವಿಜ್ಞಾನಿ ಇನ್ನೂ ಮುಂದೆ ಹೋಗಿ, ಮುಟ್ಟಿನ ಚಕ್ರದ ಮಧ್ಯದ ಕೆಲವು ರಾತ್ರಿ ಮಲಗುವ ಕೋಣೆಯಲ್ಲಿ ಬಲ್ಬ್ ಉರಿಸಿಟ್ಟು ಚಕ್ರವನ್ನು ಸರಿಮಾಡಬಹುದಾ ಎಂದು ನೋಡಿದರು. ಚಂದ್ರನ ಬದಲಿಗೆ ಬಲ್ಬು!

ಇಷ್ಟೆಲ್ಲ ಓದಿಕೊಂಡು ನಾನು ಡಾಕ್ಟರ್ ಹತ್ತಿರ ಹೋದೆ. ನೇರವಾಗಿ ಕೇಳಲು ನಾಚಿಕೆ. "ಮೇಡಂ, ಮುಂದಿನ ಟ್ರಾನ್ಸ್‌ಫರ್ ನಾವು ಹೇಳಿದ ದಿನ ಇಟ್ಟುಕೊಳ್ಳಬಹುದಾ?" ಅಂದೆ.

"ಯಾಕೆ, ರಜೆ ತೊಂದರೆನಾ?"

"ಇಲ್ಲ. ಹುಣ್ಣಿಮೆ..."

ಅವರು ನಗಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಗೌರವ. ಪೆನ್ನು ಕೆಳಗಿಟ್ಟು ಹೇಳಿದರು, "ನೋಡಮ್ಮ, ಮಾಮೂಲಿ ತಿಂಗಳಲ್ಲಿ ಮೆದುಳು ಅಂಡಾಶಯಕ್ಕೆ ಸಂದೇಶ ಕಳಿಸುತ್ತೆ. ಚಂದ್ರ ಏನಾದ್ರೂ ಮಾಡೋದಿದ್ರೆ ಆ ಮೆದುಳಿನ ಮೂಲಕ ಮಾಡಬೇಕು. ನಿಮಗೆ ಐದನೇ ಆರನೇ ದಿನದಿಂದ ಇನ್ನೊಂದು ಇಂಜೆಕ್ಷನ್ ಶುರು ಮಾಡಿದ್ವಲ್ಲ, ಅದು ಆ ಸಂದೇಶನೇ ತಡೆಯೋಕೆ. ತಾನಾಗಿ ಎಗ್ ಬಿಡುಗಡೆ ಆಗದ ಹಾಗೆ."

ಅಲ್ಲಿಗೆ ನನಗೆ ವಿಷಯ ಸರಿಯಾಗಿ ತಲೆಗೆ ಹೋಯಿತು. ಚಂದ್ರ ಪಿಸುಗುಟ್ಟುತ್ತಾನೆ ಅಂತಲೇ ಇಟ್ಟುಕೊಳ್ಳೋಣ. ಐವಿಎಫ್‌ನಲ್ಲಿ ಅದನ್ನು ಕೇಳಿಸಿಕೊಳ್ಳುವ ಕಿವಿಯನ್ನೇ ಮುಚ್ಚಿರುತ್ತಾರೆ. ಅಂಡ ಬೆಳೆಸುವುದು ಹೊರಗಿನಿಂದ ಕೊಟ್ಟ ಹಾರ್ಮೋನು ಎಫ್‌ಎಸ್‌ಎಚ್. ಹಣ್ಣಾಗಿಸುವುದು ಟ್ರಿಗರ್. ಲೈನಿಂಗ್ ಕಾಯುವುದು ಪ್ರೊಜೆಸ್ಟರಾನ್. ದಿನಾಂಕ ನಿರ್ಧಾರ ಮಾಡುವುದು ಸ್ಕ್ಯಾನ್ ಪರದೆಯ ಮೇಲಿನ 17, 18 ಮಿಲಿಮೀಟರಿನ ಕಪ್ಪು ಗುಳ್ಳೆಗಳು. ಕೆಲವು ಕಡೆ ಭಾನುವಾರ ತಪ್ಪಿಸಲು, ಇಲ್ಲವೇ ಲ್ಯಾಬಿನವರ ಅನುಕೂಲಕ್ಕೆ, ಹತ್ತಾರು ಹೆಂಗಸರ ಮುಟ್ಟನ್ನು ಮಾತ್ರೆ ಕೊಟ್ಟು ಒಂದೇ ವಾರಕ್ಕೆ ಹೊಂದಿಸುತ್ತಾರೆ. ಆ ವಾರ ಹುಣ್ಣಿಮೆ ಬಿದ್ದು, ಆ ಗುಂಪಿನಲ್ಲಿ ನಾಲ್ಕು ಜನಕ್ಕೆ ಜಾಸ್ತಿ ಗರ್ಭ ನಿಂತರೆ ಹೆಸರು ಚಂದ್ರನಿಗೆ. ಆ ವಾರ ಲ್ಯಾಬಿನಲ್ಲಿ ಯಾರಿದ್ದರು, ಇನ್‌ಕ್ಯುಬೇಟರ್ ಹೇಗಿತ್ತು, ಬಂದವರ ವಯಸ್ಸೆಷ್ಟು ಅಂತ ಯಾರೂ ಕೇಳುವುದಿಲ್ಲ.

ಅಂಕಿ ಅಂಶದಲ್ಲಿ ಇನ್ನೊಂದು ಬಲೆ ಇದೆ. ಚಂದ್ರನನ್ನು ಎಂಟು ಭಾಗ ಮಾಡಿ. ಫಲಿತಾಂಶವನ್ನು ನಾಲ್ಕು ರೀತಿ ಅಳೆಯಿರಿ: ಎಷ್ಟು ಅಂಡ ಸಿಕ್ಕಿತು, ಎಷ್ಟು ಫಲಿಸಿತು, ಬೀಟಾ ಪಾಸಿಟಿವ್ ಬಂತಾ, ಮಗು ಹುಟ್ಟಿತಾ. ಒಟ್ಟು 32 ಹೋಲಿಕೆ. ಇಪ್ಪತ್ತರಲ್ಲಿ ಒಂದು ಕಾಕತಾಳೀಯ ಅಂತ ಬಿಟ್ಟರೂ, ಏನೂ ಇಲ್ಲದ ಕಡೆ ಒಂದೋ ಎರಡೋ "ಸಂಬಂಧ" ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದು ಸುದ್ದಿಯಾಗುತ್ತದೆ. ಹೆರಿಗೆ ವಿಷಯದಲ್ಲಿ ಲೆಕ್ಕ ದೊಡ್ಡದಾಗಿ ನಡೆದಿದೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 1997ರಿಂದ 2001ರವರೆಗೆ, 62 ಚಂದ್ರಚಕ್ರಗಳಲ್ಲಿ ಆದ 5,64,039 ಹೆರಿಗೆಗಳನ್ನು ನೋಡಿದರು. ಹುಣ್ಣಿಮೆಗೆ ಹೆರಿಗೆ ಜಾಸ್ತಿ ಅನ್ನುವುದಕ್ಕೆ ಅಲ್ಲಿ ಏನೂ ಸಿಗಲಿಲ್ಲ.

ಈಗ ನನಗೆ ತುಂಬಾ ಪ್ರೀತಿಯ ಕಥೆಗೆ ಬರುತ್ತೇನೆ, 10.45ರ ಅಲಾರಂ ಎಲ್ಲಿಂದ ಬಂತು ಅನ್ನುವ ಕಥೆ. ಅಂಡಾಶಯದಿಂದ ತೆಗೆದ ಮನುಷ್ಯರ ಅಂಡ 12 ಗಂಟೆಯಲ್ಲಿ ಪಕ್ವವಾಗುತ್ತದೆ ಅಂತ ಗ್ರೆಗರಿ ಪಿಂಕಸ್ ಎಂಬ ದೊಡ್ಡ ವಿಜ್ಞಾನಿ ಹೇಳಿದ್ದರು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ 12 ಗಂಟೆಗೆ ನೋಡಿದರು. ಏನೂ ಆಗಿರಲಿಲ್ಲ. ಅಂಡ ಸಿಗುವುದೇ ಅಪರೂಪ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಡಾಶಯದ ಚೂರುಗಳಿಂದ ಹೆಕ್ಕಬೇಕು. ಸಿಕ್ಕ ಕೆಲವನ್ನು ಮುಟ್ಟದೆ ಇನ್ನೂ ಹೊತ್ತು ಕಾದರು. ಒಂದು ದಿನ ಕಳೆದ ಮೇಲೆ ಅಂಡದೊಳಗೆ ಚಲನೆ ಶುರುವಾಯಿತು. ಪೂರ್ತಿ ಪಕ್ವವಾಗಲು ಸುಮಾರು 36 ಗಂಟೆ ಬೇಕು ಅಂತ ಗೊತ್ತಾಯಿತು. 1965ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತಿಗೂ ಟ್ರಿಗರ್ ಆದ 34ರಿಂದ 36 ಗಂಟೆಯೊಳಗೆ ಅಂಡ ತೆಗೆಯುತ್ತಾರೆ. ಬೇಗ ತೆಗೆದರೆ ಕಾಯಿ. ತಡವಾದರೆ ಫಾಲಿಕಲ್ ಒಡೆದು ಅಂಡ ಕೈಗೆ ಸಿಗುವುದಿಲ್ಲ. ಮೂವತ್ತು ನಲವತ್ತು ವರ್ಷ ಅರ್ಧಕ್ಕೆ ನಿಂತಿದ್ದ ಕ್ರೋಮೋಸೋಮುಗಳ ಹಂಚಿಕೆ ಮತ್ತೆ ಶುರುವಾಗುವುದು ಆ ಗಂಟೆಗಳಲ್ಲೇ. ತಪ್ಪು ಹಂಚಿಕೆ ಹೆಚ್ಚಾಗಿ ಆಗುವುದೂ ಅಲ್ಲೇ. ವಯಸ್ಸಾದಂತೆ ಆ ಜೋಡಿಗಳನ್ನು ಹಿಡಿದಿಟ್ಟ ಅಂಟು ಸಡಿಲವಾಗುತ್ತದೆ.

ಅದೇ ಎಡ್ವರ್ಡ್ಸ್, ಡಾಕ್ಟರ್ ಪ್ಯಾಟ್ರಿಕ್ ಸ್ಟೆಪ್ಟೋ, ನರ್ಸ್ ಜೀನ್ ಪರ್ಡಿ ಮೂವರೂ ಸೇರಿ 1977ರ ನವೆಂಬರ್ 10ರಂದು ಲೆಸ್ಲಿ ಬ್ರೌನ್ ಅವರ ಅಂಡ ತೆಗೆದರು. ಅಂಡ ಬೆಳೆಸುವ ಔಷಧಿ ಇಲ್ಲದ ಸಹಜ ಚಕ್ರ, ಒಂದೇ ಒಂದು ಅಂಡ. ಮೂತ್ರದಲ್ಲಿ ಎಲ್‌ಎಚ್ (ಅಂಡ ಬಿಡುಗಡೆ ಮಾಡಿಸುವ ಹಾರ್ಮೋನು) ಏರುವುದನ್ನು ಹೊತ್ತು ಹೊತ್ತಿಗೆ ಪರೀಕ್ಷಿಸಿ ಸಮಯ ಗೊತ್ತುಮಾಡಿದ್ದರು. ಮುಂದಿನ ಜುಲೈ 25ಕ್ಕೆ ಲೂಯಿಸ್ ಬ್ರೌನ್ ಹುಟ್ಟಿದಳು, ಜಗತ್ತಿನ ಮೊದಲ ಐವಿಎಫ್ ಮಗು. ನಾನು ಕುತೂಹಲಕ್ಕೆ ಆ ದಿನದ ಚಂದ್ರನನ್ನು ಹುಡುಕಿದೆ. ಅಮಾವಾಸ್ಯೆ ನವೆಂಬರ್ 11. ಆಕಾಶದಲ್ಲಿ ಚಂದ್ರನೇ ಇರಲಿಲ್ಲ ಅನ್ನಬೇಕು. ಇದನ್ನು ಅಕ್ಕನಿಗೆ ಹೇಳಿದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ಅಮಾವಾಸ್ಯೆನೇ ಒಳ್ಳೇದೇನೋ" ಅಂದಳು. ಅವಳನ್ನು ಸೋಲಿಸಲು ಆಗುವುದಿಲ್ಲ.

ನನ್ನ ಮನಸ್ಸಿನಿಂದ ಚಂದ್ರನನ್ನು ಕೆಳಗಿಳಿಸಿದ್ದು ಇಂಥ ಇತಿಹಾಸವೂ ಅಲ್ಲ, ಅಂಕಿ ಅಂಶವೂ ಅಲ್ಲ. ಫೈಲಿನಲ್ಲಿದ್ದ ಒಂದು ಹಾಳೆ. ಮೊದಲ ಪಿಕಪ್ ಆದಾಗ ಲ್ಯಾಬಿನವರು ಕೊಟ್ಟದ್ದು. ಫಾಲಿಕಲ್ 14. ಸಿಕ್ಕ ಅಂಡ 11. ಪಕ್ವವಾದದ್ದು 9. ಫಲಿಸಿದ್ದು 7. ಐದನೇ ದಿನಕ್ಕೆ ಬ್ಲಾಸ್ಟೊಸಿಸ್ಟ್ (ಗರ್ಭಕೋಶಕ್ಕೆ ಬಿಡಬಹುದಾದ ಹಂತದ ಭ್ರೂಣ) ಆದದ್ದು 3. ಫೋನಿನಲ್ಲಿ ದಿನಾ ಒಂದೊಂದು ಸಂಖ್ಯೆ ಹೇಳುತ್ತಿದ್ದರು, ನಾನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಏಳು ನಾಲ್ಕಾದ ದಿನ ಪೆನ್ನು ಗಟ್ಟಿಯಾಗಿ ಒತ್ತಿ ಹಾಳೆ ತೂತಾಗಿದೆ.

ಆ ಹನ್ನೊಂದಕ್ಕೂ ಒಂದೇ ಚಂದ್ರ. ಒಂದೇ ಟ್ರಿಗರ್, ಒಂದೇ ಬೆಳಗ್ಗೆ, ಒಂದೇ ಸೂಜಿ, 37 ಡಿಗ್ರಿಯ ಒಂದೇ ಕತ್ತಲ ಪೆಟ್ಟಿಗೆ. ಎಂಟು ನಿಂತುಹೋದವು, ಮೂರು ಮುಂದೆ ಹೋದವು. ಆ ಮೂರರಲ್ಲಿ ಒಂದನ್ನು ಆಗಲೇ ಟ್ರಾನ್ಸ್‌ಫರ್ ಮಾಡಿದರು, ಅದು ನಿಲ್ಲಲಿಲ್ಲ. ಎರಡನ್ನು ಫ್ರೀಜ್ ಮಾಡಿದರು. ನಾಲ್ಕು ತಿಂಗಳ ಮೇಲೆ ಒಂದನ್ನು ಹಾಕಿದಾಗ ಬೀಟಾ 38 ಬಂತು, ಏರಬೇಕಾದದ್ದು ಎರಡು ದಿನಕ್ಕೆ 19 ಆಯಿತು, ಆಮೇಲೆ ಬ್ಲೀಡಿಂಗ್. ಆ ವಾರದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಮೂರನೆಯದು ಒಟ್ಟು ಹದಿನಾಲ್ಕು ತಿಂಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇತ್ತು. ಅದರ ಹೊರಗೆ ಹದಿನಾಲ್ಕು ಹುಣ್ಣಿಮೆ ಬಂದು ಹೋದವು. ಒಳಗೆ ಒಂದು ಕ್ಷಣವೂ ಕಳೆಯಲಿಲ್ಲ. ಆ ಮೂರನೆಯದು ಈಗ ಪಕ್ಕದ ಕೋಣೆಯಲ್ಲಿ ಹೊದಿಕೆ ಒದ್ದು ಮಲಗಿದೆ.

ಯಾಕೆ ಅದು, ಉಳಿದವು ಯಾಕಲ್ಲ? ಕ್ರೋಮೋಸೋಮ್ ಸರಿ ಇತ್ತೇನೋ. ಲೈನಿಂಗ್ ಆ ಸಲ ಚೆನ್ನಾಗಿತ್ತು, 9 ಮಿಲಿಮೀಟರ್, ಸ್ಕ್ಯಾನಿನಲ್ಲಿ ಮೂರು ಗೆರೆ ಸ್ಪಷ್ಟ. ಅದಕ್ಕಿಂತ ಹೆಚ್ಚು ನನಗೆ ಯಾರೂ ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ. ಚಂದ್ರನನ್ನು ಕಾರಣ ಮಾಡಿಕೊಂಡರೆ ಈ ಖಾಲಿ ಜಾಗ ತುಂಬುತ್ತದೆ, ನಿಜ. ಆದರೆ ಅದಕ್ಕೆ ಬೆಲೆಯೂ ಇದೆ. ಪರಿಚಯದ ಒಬ್ಬರು, 40 ದಾಟಿದವರು, ಒಳ್ಳೆಯ ದಿನ ಹೊಂದುವುದಿಲ್ಲ ಅಂತ ಎರಡು ಸಲ ಚಿಕಿತ್ಸೆ ಮುಂದೂಡಿದರು. ಮೂವತ್ತರಲ್ಲಿ ಎರಡು ತಿಂಗಳು ಏನೂ ಅಲ್ಲ. ಆ ವಯಸ್ಸಿನಲ್ಲಿ ಅಂಡಾಶಯ ಕಾಯುವುದಿಲ್ಲ. ಟ್ರಿಗರ್ ಅನ್ನು ಹುಣ್ಣಿಮೆಗೆ ಅಂತ ಎರಡು ದಿನ ತಳ್ಳಿದರೂ ಅಷ್ಟೇ, ಹಣ್ಣಾದದ್ದು ಕೊಳೆಯುತ್ತದೆ. ಇದನ್ನು ಅವರಿಗೆ ಹೇಳಿದೆನಾ ಅಂದರೆ, ಇಲ್ಲ. ಹೇಳುವ ಧೈರ್ಯ ಬರಲಿಲ್ಲ.

ಕಳೆದ ವಾರ ಆಫೀಸಿನ ಹುಡುಗಿಯೊಬ್ಬಳು ಕ್ಯಾಂಟೀನಿನಲ್ಲಿ ಮೆಲ್ಲಗೆ ಪಕ್ಕಕ್ಕೆ ಕರೆದಳು. ಅವಳಿಗೂ ಶುರುವಾಗಿದೆ. "ಅಕ್ಕಾ, ನಿಮಗೆ ನಿಂತಿದ್ದು ಹುಣ್ಣಿಮೆಗಾ?" ಅಂತ ಕೇಳಿದಳು. ನನಗೆ ನೆನಪಿರಲಿಲ್ಲ. ಮೊದಲ ಟ್ರಾನ್ಸ್‌ಫರಿನ ಚಂದ್ರ ನೆನಪಿದೆ, ಮೂರನೆಯದರದ್ದು ನೋಡಿಯೇ ಇಲ್ಲ. ಮನೆಗೆ ಬಂದು ಹುಡುಕಿ ಹೇಳುತ್ತೇನೆ ಅಂದಿದ್ದೆ, ಹುಡುಕಲಿಲ್ಲ.

ನಿನ್ನೆ ರಾತ್ರಿ ಹತ್ತು ಗಂಟೆಗೆ ಅವಳ ಮೆಸೇಜು. "ಅಕ್ಕಾ, ಇವತ್ತು 11.15ಕ್ಕೆ ಟ್ರಿಗರ್. ಚಂದ್ರ ಎಲ್ಲಿದ್ದಾನೆ ನೋಡಿದ್ರಾ?"

ಕಿಟಕಿಗೆ ಹೋದೆ. ಪೂರ್ತಿ ಮೋಡ.

"ಕಾಣ್ತಿಲ್ಲ ಕಣೇ. ಅಲಾರಂ ಇಟ್ಟಿದ್ದೀಯಾ?"

"ಎರಡು."

"ಇನ್ನೊಂದು ಇಡು."